ಗೇಣು ಲೆಕ್ಕದ ಹೊದಿಕೆ

ಯಾರಾದರೂ "ಪಾಪ" ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಪಾಪ ಅಂದವರು ಮುಂದೆ ಏನು ಕೊಡುತ್ತಾರೆ, ಕೊಟ್ಟು ಏನನ್ನು ಕಿತ್ತುಕೊಳ್ಳುತ್ತಾರೆ ಎಂದು ನೋಡುತ್ತ ಕೂರುತ್ತೇನೆ. ಇದು ಹುಟ್ಟಿನಿಂದ ಬಂದ ಚಾಳಿಯಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ಶಿಡ್ಲಘಟ್ಟದಲ್ಲಿ, ಒಂದು ಉಲ್ಲನ್ ಹೊದಿಕೆಯ ದೆಸೆಯಿಂದ ಅಂಟಿಕೊಂಡದ್ದು. ಬಿಡಿಸಿಕೊಳ್ಳುವ ಆಸೆಯೂ ನನಗಿಲ್ಲ.

ಚಿಂತಾಮಣಿಯಿಂದ ಮದುವೆಯಾಗಿ ಬಂದಾಗ ನನಗೆ ಮೊದಲು ಹೊಂದದೆ ಹೋದದ್ದು ಊರಿನ ವಾಸನೆ. ಮನೆಯ ಹಿಂದೆಯೇ ನನ್ನ ಗಂಡನ ಫಿಲೇಚರ್ ಇತ್ತು. ಬೆಳಿಗ್ಗೆ ಒಲೆ ಹತ್ತಿಸಿ, ರೇಷ್ಮೆಗೂಡು ಬೇಯಿಸಿ, ನೂಲು ತೆಗೆಯಲು ಕೂತರೆಂದರೆ ಆ ವಾಸನೆ ಸೀರೆ, ತಲೆಕೂದಲು, ಸಾರು ಎಲ್ಲಕ್ಕೂ ಹತ್ತುತ್ತಿತ್ತು. ಎರಡನೆಯದು ಅತ್ತೆಯ ಮೌನ. ನನ್ನ ಗಂಡ ಇನ್ನೂ ಮಿಡ್ಲ್‌ಸ್ಕೂಲಿನಲ್ಲಿದ್ದಾಗಲೇ ಮಾವ ತೀರಿಕೊಂಡಿದ್ದರು. ನಾನು ಕಂಡಂತೆ ಅತ್ತೆ ಮದುವೆ, ನಾಮಕರಣ, ಸೀಮಂತ ಎಂದು ಯಾರ ಮನೆಯ ಹೊಸ್ತಿಲನ್ನೂ ದಾಟಿದವರಲ್ಲ. ಕರೆಯಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು ನನ್ನ ಹಣೆಗೆ ಕುಂಕುಮ ಇಟ್ಟು ಹೋಗುತ್ತಿದ್ದರು. ಅವರ ಬಳೆ ಸದ್ದಾದರೆ ಸಾಕು, ಅತ್ತೆ ಅಡುಗೆಮನೆಗೆ ಸರಿದು ಒಲೆಯ ಮುಂದೆ ಏನೋ ತುರ್ತು ಕೆಲಸ ಇರುವವರ ಹಾಗೆ ನಿಲ್ಲುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಅವರ ಬಾಯಿಗೆ ತೆಲುಗು ಬರುತ್ತಿತ್ತು. ಆ ಸಿಟ್ಟು ಬಹುಮಟ್ಟಿಗೆ ನನ್ನ ಮೇಲೆಯೇ ಇರುತ್ತಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರ ದೊಡ್ಡ ಮನೆ. ಆ ಮನೆಯ ಯಜಮಾನಿಯನ್ನು ಬೀದಿಗೆ ಬೀದಿಯೇ ದೊಡ್ಡಮ್ಮ ಅನ್ನುತ್ತಿತ್ತು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ನಾವು ಹೆಂಗಸರೆಲ್ಲ ಅವರ ಮುಂದಿನ ಹಾಲಿನಲ್ಲಿ ಸೇರುತ್ತಿದ್ದೆವು. ಕೈಯಲ್ಲಿ ಕ್ರೋಶ ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ. ಆಗ ಯಾರ ಮನೆಗೆ ಹೋದರೂ ಟೀವಿಗೊಂದು ಕ್ರೋಶದ ಬಟ್ಟೆ, ರೇಡಿಯೋಗೊಂದು, ಟೀಪಾಯಿಗೊಂದು; ಮನೆಯಲ್ಲಿ ಅಲ್ಲಾಡದೆ ಕೂತಿದ್ದ ಯಾವ ವಸ್ತುವನ್ನೂ ನಾವು ಬರಿಮೈಯಲ್ಲಿ ಬಿಡುತ್ತಿರಲಿಲ್ಲ.

ನಮಗೆಲ್ಲ ಕಲಿಸಿದವಳು, ನಾನು ಅಕ್ಕ ಅನ್ನುತ್ತಿದ್ದವಳು. ವಯಸ್ಸಿನಲ್ಲಿ ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಗೌರಿಬಿದನೂರಿನ ಕಡೆಯ ಹೆಣ್ಣು. ಅವಳ ಗಂಡ ಗೂಡಿನ ಮಾರ್ಕೆಟ್ಟಿಗೆ ವ್ಯಾನು ಓಡಿಸುತ್ತಿದ್ದ. ಹಾಲಿನ ಪಶ್ಚಿಮದ ಕಿಟಕಿಯ ಕೆಳಗಿನ ಜಾಗ ಅವಳದು. ಮಧ್ಯಾಹ್ನದ ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತಿತ್ತು. ಎಲ್ಲರೂ ತಮ್ಮ ತಮ್ಮ ಸಿಕ್ಕು ಹೊತ್ತುಕೊಂಡು ಆ ಕಿಟಕಿಯ ಬಳಿಗೇ ಹೋಗಬೇಕು. ತಪ್ಪು ಮಾಡಿದರೆ ಒಂದು ಮಾತೂ ಆಡದೆ ದಾರದ ತುದಿ ಹಿಡಿದು ಸರ್ರನೆ ಎಳೆದು, ವಾರವಿಡೀ ಹಾಕಿದ್ದನ್ನು ಬಿಚ್ಚಿ ಮಡಿಲಿಗೆ ಹಾಕುತ್ತಿದ್ದಳು. ನನ್ನದನ್ನು ಎಷ್ಟು ಸಲ ಬಿಚ್ಚಿದಳೋ ಲೆಕ್ಕವಿಲ್ಲ. ಎಳೆಕೂಸಿನ ಟೋಪಿ, ಕಾಲುಚೀಲ ಹಾಕಿಕೊಡಿ ಎಂದು ಕೇಳುವವರು ಅವಳನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಿದ್ದರು. ಆ ಕಿಟಕಿಯ ಕೆಳಗೆ ಅವಳು ವ್ಯಾನಿನ ಡ್ರೈವರನ ಹೆಂಡತಿಯಲ್ಲ, ನಮ್ಮ ಮೇಡಂ.

ಎದುರುಮನೆಯ ಆಪಾ ಕೂಡ ಬರುತ್ತಿದ್ದರು. ಅವರ ಗಂಡನದೂ ಫಿಲೇಚರ್. ನನಗಿಂತ ಎತ್ತರ, ನನಗಿಂತ ಬಾಯಿ ಜೋರು. ಹೊರಡುವ ಹೊತ್ತಿಗೆ ದೊಡ್ಡಮ್ಮ ಬೆಳ್ಳಿ ತಟ್ಟೆ ಹಿಡಿದು ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟು, ಹೂವು, ಬಾಳೆಹಣ್ಣು ಕೈಗಿಡುವುದು ಆ ಮನೆಯ ಪದ್ಧತಿ. ಆಪಾಗೆ ಕುಂಕುಮ ಇಲ್ಲ, ಹೂವು ಹಣ್ಣು ಮಾತ್ರ. ಆಪಾ ಹೂವನ್ನು ಜಡೆಗೆ ಸಿಕ್ಕಿಸಿ, ಹಣ್ಣನ್ನು ಅಲ್ಲೇ ಸುಲಿದು ತಿಂದು ಎದ್ದು ಹೋಗುತ್ತಿದ್ದರು. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಜಗಳಕ್ಕೆ ಬೇಕಾಗುತ್ತದೆ.

ಆ ವರ್ಷ ಚಳಿಗಾಲ ಶುರುವಾಗುವ ಹೊತ್ತಿನಲ್ಲಿ ಅಕ್ಕನ ಗಂಡನ ವ್ಯಾನು ಪೆರೇಸಂದ್ರದ ಹತ್ತಿರ ಮಗುಚಿಕೊಂಡಿತು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ನಾವೆಲ್ಲ ಹೋದೆವು, ಅತ್ತೆವು. ಒಂದನೇ ಕ್ಲಾಸಿನ ಅವಳ ಮಗಳು ಸ್ಕೂಲ್ ಬ್ಯಾಗು ತಗುಲಿಸಿಕೊಂಡೇ ಮೂಲೆಯಲ್ಲಿ ನಿಂತಿದ್ದಳು. ಅದನ್ನು ಇಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಇಳಿಸಿದೆ.

ಹನ್ನೊಂದನೇ ದಿನದ ಕಾರ್ಯ ಕಳೆಯಿತು. ಶನಿವಾರಗಳು ಮತ್ತೆ ಶುರುವಾದವು. ಕಿಟಕಿಯ ಕೆಳಗೆ ಯಾರೂ ಕೂರುತ್ತಿರಲಿಲ್ಲ, ಆ ಕಡೆ ನೋಡುತ್ತಲೂ ಇರಲಿಲ್ಲ. ನಾನು ಕಾದೆ. ತಿಂಗಳಾದರೂ ಯಾರೂ ಅಕ್ಕನನ್ನು ಕರೆಯುವ ಮಾತೇ ಎತ್ತದಿದ್ದಾಗ ನಾನೇ ಎತ್ತಿದೆ.

"ಪಾಪ," ಅಂದರು ದೊಡ್ಡಮ್ಮ. "ಕರೀಬಾರ್ದು ಅಂತಲ್ಲಮ್ಮ. ಎಲ್ರಿಗೂ ಕುಂಕುಮ ಕೊಡುವಾಗ ಅವಳು ಬರೀ ಹಣೇಲಿ ಕೂತಿದ್ರೆ ಅವಳ ಹೊಟ್ಟೆ ಉರಿಯಲ್ವಾ? ಅವಳಿಗೂ ಕಷ್ಟ, ನಮಗೂ ಕಷ್ಟ."

"ಆಪಾಗೆ ಕೊಡೋ ಹಂಗೆ ಅವಳಿಗೂ ಹೂವು ಹಣ್ಣು ಕೊಟ್ರಾಯ್ತು."

"ಅವರ ಪದ್ಧತಿನೇ ಬೇರೆ ಕಣಮ್ಮ."

"ಅರೆ, ನನ್ನ ಯಾಕೆ ಮಧ್ಯೆ ಎಳೀತೀಯಾ?" ಅಂದರು ಆಪಾ. ಆದರೆ ಕಡ್ಡಿ ಕೆಳಗಿಟ್ಟು ದೊಡ್ಡಮ್ಮನ ಮುಖವನ್ನೇ ನೋಡಿದರು.

ದೊಡ್ಡಮ್ಮ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಯಜಮಾನರಿಗೆ ಹೃದಯದ ತೊಂದರೆ ಇತ್ತು. ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬರುತ್ತಿದ್ದರು. ದೊಡ್ಡಮ್ಮನಿಗೆ ಹೆದರಿಕೆ. ಹೆದರಿಕೆಯನ್ನು ಹೆದರಿಕೆ ಎಂದು ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅದನ್ನು ಅಕ್ಕನ ಮೇಲಿನ ಮರುಕ ಎಂದು ಹೇಳಿದ್ದು ನನ್ನ ಮೈಯೆಲ್ಲ ಉರಿಸಿತು.

ಮುಂದಿನ ವಾರ ದೊಡ್ಡಮ್ಮ ಒಂದು ಪತ್ರಿಕೆ ತಂದರು. ಅದರಲ್ಲಿ ಯಾವುದೋ ದೇಶದ ಹೆಂಗಸರು ಒಬ್ಬೊಬ್ಬರು ಒಂದೊಂದು ಚೌಕ ಹೆಣೆದು, ಎಲ್ಲವನ್ನೂ ಜೋಡಿಸಿ, ಸಾವಾದ ಮನೆಗೆ ಹೊದಿಕೆ ಮಾಡಿಕೊಟ್ಟ ಚಿತ್ರ. "ನಾವೂ ಮಾಡಣ. ಪಾಪ, ಅವಳಿಗೂ ಮಗೂಗೂ ಚಳಿಗೆ ಒಂದು ರಗ್ಗಾಗುತ್ತೆ. ಒಬ್ಬೊಬ್ರು ಗೇಣಗಲ ಗೇಣುದ್ದ ಹಾಕ್ಕೊಂಡು ಬನ್ನಿ," ಅಂದರು. ಹಾಲಿನಲ್ಲಿ ಒಂದೇ ಸಂಭ್ರಮ. ಅಲ್ಲಿಯವರೆಗೆ ಅಕ್ಕನ ಹೆಸರೆತ್ತಿದರೆ ತಲೆ ತಗ್ಗಿಸುತ್ತಿದ್ದವರೆಲ್ಲ ಈಗ ಅವಳ ವಿಷಯ ಗಂಟಲು ಬಿಟ್ಟು ಮಾತಾಡತೊಡಗಿದರು. ಬಣ್ಣದ ಚರ್ಚೆಯಾಯಿತು. ಕೆಂಪು ಬೇಡ, ಹಸಿರು ಬೇಡ, ಹಳದಿ ಬೇಡ. ಬೂದಿ, ಕಾಫಿಪುಡಿ, ಬಿಳಿ ಸಾಕು ಎಂದು ತೀರ್ಮಾನವಾಯಿತು.

"ರಗ್ಗು ಕೊಡೋ ಬದಲು ಅವಳನ್ನೇ ಕರೀರಿ," ಅಂದೆ.

"ಒಳ್ಳೇ ಕೆಲಸಕ್ಕೆ ಅಡ್ಡಬಾಯಿ ಹಾಕ್ಬೇಡ ಕಣೇ," ಅಂದಳು ಪಕ್ಕದಲ್ಲಿ ಕೂತಿದ್ದವಳು.

ಆದರೂ ಬೂದಿ ಬಣ್ಣದ ಉಲ್ಲನ್ ತಂದು ನನ್ನ ಪಾಲಿನ ಚೌಕ ಶುರುಮಾಡಿದೆ. ನಂದಿಬೆಟ್ಟದ ಕಡೆಯಿಂದ ಬೀಸುವ ಚಳಿಗೆ ನನ್ನ ವಾದ ಗೊತ್ತಿಲ್ಲ, ಮಗುವಿಗೆ ಕೆಮ್ಮು ಬೇರೆ ಇತ್ತು. ಮನೆಯಲ್ಲಿ ನಾನು ಗೊಣಗುತ್ತ ಹೆಣೆಯುವುದನ್ನು ಅತ್ತೆ ನೋಡಿದರು. ಎಲ್ಲ ಹೇಳಿದೆ.

"ನೀಕೆಂದುಕಮ್ಮಾ?" ಅಂದರು. ನಿನಗ್ಯಾಕೆ ಊರ ಉಸಾಬರಿ ಎಂಬ ಅರ್ಥದಲ್ಲಿ. ಆಮೇಲೆ ಕನ್ನಡಕ್ಕೆ ಬಂದರು. "ಕರೀಲಿಲ್ಲ ಅಂದ್ರೆ ಒಳ್ಳೇದೇ ಆಯ್ತು. ಕರೆದು ಆಮೇಲೆ ಮುಖ ತಿರುಗಿಸ್ಕೊಳ್ಳೋದು ನೋಡೋದಕ್ಕಿಂತ ಮನೇಲಿರೋದೇ ವಾಸಿ."

ಇವರ ಮನಸ್ಸೂ ಕಲ್ಲಾಗಿದೆ ಅಂದುಕೊಂಡು ನಾನು ಆ ಕಡೆ ತಿರುಗಿ ಕೂತೆ.

ಚೌಕಗಳೆಲ್ಲ ಬಂದ ಶನಿವಾರ ದೊಡ್ಡಮ್ಮ ಹಾಲಿನ ಮಧ್ಯೆ ಚಾಪೆ ಹಾಸಿಸಿದರು. ಒಂದೊಂದನ್ನೇ ತಂದು ಸಾಲಾಗಿ ಇಟ್ಟೆವು. ಇಡುತ್ತಾ ಇಡುತ್ತಾ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ದೊಡ್ಡಮ್ಮನದು ದಪ್ಪ ಕೈ, ಅವರ ಗೇಣು ದೊಡ್ಡದು. ನನ್ನದು ಗಿಡ್ಡ ಕೈ. ಆಪಾ ಅವರ ಗೇಣಿನಲ್ಲಿ ನನ್ನ ಗೇಣು ಒಂದೂವರೆ ಹಿಡಿಯುತ್ತಿತ್ತು. ಹೂವಾಡಗಿತ್ತಿ ಮೊಳ ಹಾಕುವಾಗ ಅವಳ ಕೈ ಗಿಡ್ಡ ಎಂದು ದಿನಾ ಜಗಳ ಆಡುವ ಹೆಂಗಸರು ನಾವು. ನಮ್ಮ ನಮ್ಮ ಗೇಣೂ ಬೇರೆ ಬೇರೆ ಎಂಬುದು ಒಬ್ಬರ ತಲೆಗೂ ಹೋಗಿರಲಿಲ್ಲ. ಒಂದು ಚೌಕದ ಪಕ್ಕ ಒಂದು ಕೂರುತ್ತಿರಲಿಲ್ಲ. ಎಳೆದು ಹೊಲಿದರೆ ನಡುವೆ ಹಪ್ಪಳ ಉಬ್ಬಿದ ಹಾಗೆ ಉಬ್ಬುತ್ತಿತ್ತು, ಬಿಟ್ಟು ಹೊಲಿದರೆ ಕೈ ತೂರುವಷ್ಟು ಸಂದು. ಇದೆಲ್ಲದರ ಮಧ್ಯೆ ಆಪಾ ಅವರ ಚೌಕ ಗಿಳಿ ಹಸಿರು.

"ಹಸಿರು ಬೇಡ ಅಂತ ಹೇಳಿದ್ವಲ್ಲ?" ಅಂದರು ದೊಡ್ಡಮ್ಮ.

"ಹೇಳಿದ್ರಿ," ಅಂದರು ಆಪಾ. "ನಾನು ಕೇಳ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಎರಡು ವಾರ ಹೊಲಿದರು, ಬಿಚ್ಚಿದರು, ಮತ್ತೆ ಹೊಲಿದರು. ಅಷ್ಟರಲ್ಲಿ ದೊಡ್ಡಮ್ಮ ಊರಿಗೆಲ್ಲ ರಗ್ಗಿನ ಸುದ್ದಿ ಹೇಳಿಯಾಗಿತ್ತು. ಚಿಕ್ಕಬಳ್ಳಾಪುರದಲ್ಲಿದ್ದ ಅವರ ತಂಗಿ ನೋಡಲು ಬರುತ್ತೇನೆಂದು ಹೇಳಿಕಳಿಸಿದ್ದರು. ಕೊನೆಗೆ ದೊಡ್ಡಮ್ಮ ಚೌಕಗಳನ್ನೆಲ್ಲ ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ನನ್ನ ಮುಂದಿಟ್ಟರು. "ನೀನೂ ಆಪಾನೂ ಹೋಗಿ ಅವಳಿಗೇ ಕೊಟ್ಬಿಡಿ. ಅವಳ ಕೈಗೆ ಇದೇನು ಮಹಾ, ಮನೇಲೇ ಕೂತು ಜೋಡಿಸ್ಕೊಳ್ಳಿ."

ಅಂದರೆ ಸಾವಾದ ಮನೆಗೆ ನಾವು ಕೊಡುವ ಉಡುಗೊರೆಯನ್ನು ಸಾವಾದ ಮನೆಯವಳೇ ಕೂತು ಮಾಡಿಕೊಳ್ಳಬೇಕು. ನಾನು ಬಾಯಿ ತೆರೆದೆ. ಆಪಾ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ನಡಿ. ಅವಳೇ ಹೇಳ್ಲಿ ಏನು ಹೇಳ್ಬೇಕೋ."

ಗೂಡಿನ ಮಾರ್ಕೆಟ್ಟಿನ ಹಿಂದಿನ ಸಾಲಿನಲ್ಲಿ ಅಕ್ಕನದು ಎರಡು ಕೋಣೆಯ ಬಾಡಿಗೆ ಮನೆ. ಮಗಳು ಬಾಗಿಲಲ್ಲಿ ಕೂತು ಮಗ್ಗಿ ಗಟ್ಟಿ ಮಾಡುತ್ತಿದ್ದಳು. ಅಕ್ಕ ಗಂಟು ಬಿಚ್ಚಿ ಚೌಕಗಳನ್ನು ನೆಲದ ಮೇಲೆ ಹರಡಿದಳು. ಒಂದೊಂದರ ಮೇಲೂ ತನ್ನ ಗೇಣು ಇಟ್ಟು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಗಂಡ ಸತ್ತಮೇಲೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. "ಇದು ನಿಂದು, ಮೂಲೇಲಿ ಇನ್ನೂ ಅದೇ ತಪ್ಪು. ಇದು ದೊಡ್ಡಮ್ಮಂದು, ಬಿಗಿ ನೋಡು, ದಾರ ಉಸಿರಾಡಕ್ಕೂ ಬಿಟ್ಟಿಲ್ಲ. ಈ ಗಿಳಿ ಯಾರ್ದು ಅಂತ ಕೇಳೋದೇ ಬೇಡ." ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾವೂ ನಕ್ಕೆವು. ಮಗು ಮಗ್ಗಿ ನಿಲ್ಲಿಸಿ ಅಮ್ಮನನ್ನೇ ನೋಡುತ್ತಿತ್ತು.

ನಗು ನಿಂತಿತು. "ಇದನ್ನ ಯಾಕೆ ಮಾಡಿದ್ರಿ?" ಎಂದು ಕೇಳಿದಳು.

"ಚಳಿಗೆ," ಅಂದೆ.

"ಸುಳ್ಳು ಹೇಳ್ಬೇಡ ಕಣೇ. ನನ್ನನ್ನ ಮನೇಲೇ ಬೆಚ್ಚಗೆ ಕೂರಿಸಕ್ಕೆ." ಚೌಕಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. "ಶನಿವಾರ ಬಂದ್ರೆ ಊಟ ಮಾಡಿ ಸೀರೆ ಬದಲಾಯಿಸ್ತೀನಿ. ಯಾರಾದ್ರೂ ಕರೀತಾರೇನೋ ಅಂತ ಬಾಗಿಲು ನೋಡ್ತೀನಿ. ಆಮೇಲೆ ಮತ್ತೆ ಹಳೇ ಸೀರೆ ಉಟ್ಕೋತೀನಿ. ಎಷ್ಟು ಶನಿವಾರ ಹಿಂಗೆ ಕಳೆದೆ ಗೊತ್ತಾ? ಗಂಡ ಹೋಗಿದ್ದು ನನ್ನ ಹಣೆಬರಹ ಅನ್ಲಿ, ಒಪ್ಕೋತೀನಿ. ಆ ಕಿಟಕಿ ಯಾಕೆ ಹೋಯ್ತು?"

ಆಪಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು.

ಅಕ್ಕ ಗಂಟನ್ನು ಮತ್ತೆ ಕಟ್ಟಿ ನನ್ನ ಮಡಿಲಿಗೆ ಇಟ್ಟಳು. "ಜೋಡಿಸ್ತೀನಿ ಅಂತ ಹೇಳು. ಇಲ್ಲಲ್ಲ, ಅಲ್ಲಿ. ಶನಿವಾರ ಬರ್ತೀನಿ. ನನ್ನ ಕಿಟಕಿ ಹತ್ರ ಕೂತು ಜೋಡಿಸ್ತೀನಿ. ಇಲ್ಲಾಂದ್ರೆ ಅವರವರ ಚೌಕ ಅವರವರ ಟೀವಿ ಮೇಲೆ ಹಾಕ್ಕೊಳ್ಳಿ."

ನಾನು ಆ ಮಾತನ್ನು ಒಂದಕ್ಷರ ಬಿಡದೆ ದೊಡ್ಡಮ್ಮನಿಗೆ ಒಪ್ಪಿಸಿದೆ. ಟೀವಿ ಮಾತನ್ನು ಎರಡು ಸಲ ಹೇಳಿದೆ. ದೊಡ್ಡಮ್ಮನ ಮುಖ ಬಿಗಿಯಿತು. ಆದರೆ ತಂಗಿ ಬರುವವರಿದ್ದರು, ಊರಿಗೆ ಹೇಳಿಯಾಗಿತ್ತು, ರಗ್ಗು ಚೂರುಚೂರಾಗಿ ಬಿದ್ದಿತ್ತು. "ಬರ್ಲಿ," ಅಂದರು.

ಅಕ್ಕ ಮಗಳ ಕೈ ಹಿಡಿದುಕೊಂಡು ಬಂದಳು. ಚಪ್ಪಲಿ ಬಿಟ್ಟು, ಯಾರನ್ನೂ ನೋಡದೆ, ಹಾಲು ದಾಟಿ ಕಿಟಕಿಯ ಕೆಳಗೆ ಹೋಗಿ ಕೂತಳು. ಅವಳು ಚಿಕ್ಕ ಚೌಕಗಳನ್ನೆಲ್ಲ ಒಂದು ಕಡೆ ಹಾಕಿ, ಸುತ್ತ ಇನ್ನೊಂದೆರಡು ಸುತ್ತು ಹೆಣೆದು ದೊಡ್ಡದು ಮಾಡಬೇಕೆಂದಳು. ನನ್ನದಕ್ಕೆ ಮೂರು ಸುತ್ತು ಬೇಕಾಯಿತು. ಸುತ್ತು ಹಾಕುವ ದಾರ ಯಾವುದು ಅಂದಾಗ ತನ್ನ ಚೀಲದಿಂದ ಕೆಂಪು ಉಂಡೆ ತೆಗೆದಳು. ದೊಡ್ಡಮ್ಮ ಅದನ್ನು ನೋಡಿ ಮತ್ತೆ ತಮ್ಮ ಹೆಣಿಗೆಗೆ ಬಗ್ಗಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಒಬ್ಬೊಬ್ಬರೇ ತಮ್ಮ ತಮ್ಮ ಸಿಕ್ಕು ಹಿಡಿದುಕೊಂಡು ಕಿಟಕಿಯ ಬಳಿ ಸರಿದಿದ್ದರು. ಅಕ್ಕ ಒಬ್ಬಳದನ್ನು ಸರ್ರನೆ ಬಿಚ್ಚಿ ಮಡಿಲಿಗೆ ಎಸೆದಳು. ಬಿಚ್ಚಿಸಿಕೊಂಡವಳು ಮುಖ ಅರಳಿಸಿಕೊಂಡು ವಾಪಸು ಬಂದಳು.

ಸಂಜೆಯಾಗುತ್ತಿದ್ದಂತೆ ದೊಡ್ಡಮ್ಮ ಮೆತ್ತಗೆ ಹೇಳಿದರು: "ಮಗೂಗೆ ಹಸಿವಾಗಿರುತ್ತೆ. ನೀನು ಹೊರಡಮ್ಮ."

"ನಂಗೆ ಹಸಿವಿಲ್ಲ ಅಜ್ಜಿ," ಅಂತು ಮಗು.

ಅಕ್ಕ ಮಗಳ ಕೈ ಹಿಡಿದು ಎದ್ದು ಹೋದಳು. ಅವಳು ಬೀದಿಯ ತಿರುವು ದಾಟಿದ ಮೇಲೆ ಬೆಳ್ಳಿ ತಟ್ಟೆ ಹೊರಗೆ ಬಂತು. ಮುಂದಿನ ಶನಿವಾರವೂ ಹಾಗೆಯೇ. ಅದರ ಮುಂದಿನದೂ ಹಾಗೆಯೇ. ಪ್ರತಿ ಸಲವೂ ಮಗುವಿಗೆ ಹಸಿವು, ಪ್ರತಿ ಸಲವೂ ಮಗು "ಇಲ್ಲ ಅಜ್ಜಿ". ನಾನು ಬೈದರೆ ಆಪಾ ನನ್ನ ತೊಡೆ ಚಿವುಟುತ್ತಿದ್ದರು. ನನಗೆ ಒಂದೇ ಯೋಚನೆ: ಹೊದಿಕೆ ಮುಗಿದ ದಿನ ಅಕ್ಕನ ಜಾಗವೂ ಮುಗಿಯುತ್ತದೆ.

ಮುಗಿಯಿತು. ಬೂದಿ, ಕಾಫಿಪುಡಿ, ಬಿಳಿಯ ಚೌಕಗಳು, ನಡುವೆ ಒಂದು ಗಿಳಿ ಹಸಿರು, ಎಲ್ಲದರ ಅಂಚಿಗೂ ಕೆಂಪು ಗೆರೆ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿದೆವು. ಎಲ್ಲೂ ಉಬ್ಬಿಲ್ಲ, ಎಲ್ಲೂ ಸಂದಿಲ್ಲ. ಚಿಕ್ಕಬಳ್ಳಾಪುರದ ತಂಗಿ ಬಂದು ನೋಡಿ ಹೊಗಳಿ ಕಾಫಿ ಕುಡಿದು ಬಸ್ಸಿಗೆ ಹೊರಟುಹೋದರು. ದೊಡ್ಡಮ್ಮ ಹೊದಿಕೆಯನ್ನು ಅಕ್ಕನ ಕೈಗಿಟ್ಟರು. ಅವರ ದನಿಯಲ್ಲಿ ನಿಜವಾಗಿಯೂ ಪ್ರೀತಿ ಇತ್ತು, ಅದನ್ನು ಇಲ್ಲವೆನ್ನಲಾರೆ. "ತಗೊಂಡು ಹೋಗಮ್ಮ. ಮಗೂಗೆ ಹೊದಿಸು. ಇನ್ನು ನಿನ್ನನ್ನ ಶನಿವಾರ ಶನಿವಾರ ನಡೆಸಿ ದಣಿಸಲ್ಲ."

ಅಕ್ಕ ಹೊದಿಕೆಯನ್ನು ಅರ್ಧಕ್ಕೆ ಮಡಿಚಿದಳು. ಅದನ್ನು ಮತ್ತೆ ಮಡಿಚಿದಳು. ಮತ್ತೊಮ್ಮೆ ಮಡಿಚಿ, ತಿರುಗಿ, ಕಿಟಕಿಯ ಕೆಳಗೆ ಹಾಸಿ ಅದರ ಮೇಲೆ ಕೂತಳು. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇದು ಇಲ್ಲೇ ಇರ್ಲಿ ದೊಡ್ಡಮ್ಮ," ಅಂದಳು. "ಕೂರಕ್ಕೆ ಬೇಕಲ್ಲ. ನೆಲ ತಣ್ಣಗಿರುತ್ತೆ."

ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮನ ಸೊಸೆ ಹೊತ್ತು ನೋಡಿಕೊಂಡು ಎಂದಿನಂತೆ ತಟ್ಟೆ ತಂದುಬಿಟ್ಟಿದ್ದಳು. ಅಕ್ಕ ಇನ್ನೂ ಕೂತಿದ್ದಾಳೆಂದು ಅವಳಿಗೇನು ಗೊತ್ತು? ತಟ್ಟೆ ದೊಡ್ಡಮ್ಮನ ಕೈಗೆ ಬಂತು. ಅವರು ಕಿಟಕಿಗೆ ಬೆನ್ನು ಹಾಕಿ ಆ ಕೊನೆಯಿಂದ ಶುರುಮಾಡಿದರು. ನನ್ನ ಬಳಿ ಬಂದಾಗ ಕುಂಕುಮದ ಬೆರಳು ನನ್ನ ಹಣೆಯತ್ತ ಬಂತು. ನಾನು ಹಿಂದೆ ಸರಿದೆ.

"ನಂಗೂ ಹೂವೇ ಸಾಕು ದೊಡ್ಡಮ್ಮ. ಆಪಾಗೆ ಏನು ಕೊಡ್ತೀರೋ ಅದನ್ನೇ ಕೊಡಿ."

ಗಂಡ ಬದುಕಿರುವವಳು ಕುಂಕುಮ ಬೇಡ ಅನ್ನುವುದು ಎಂಥ ಮಾತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದದ್ದು. ಯಾರೋ "ಅಯ್ಯೋ ಶಿವನೇ" ಅಂದರು. ದೊಡ್ಡಮ್ಮನ ಬೆರಳು ಗಾಳಿಯಲ್ಲೇ ನಿಂತಿತು. "ಬಿಡ್ತು ಅನ್ನು," ಅಂದರು. "ಬಿಡ್ತು ಅನ್ನೇ."

ನಾನು ಅನ್ನಲಿಲ್ಲ. ಆಗ ಕಿಟಕಿಯ ಕಡೆಯಿಂದ ಗುಡುಗು ಬಂತು, ಅದೂ ನನ್ನ ಮೇಲೆ.

"ನಿನ್ನ ಹಣೆ ಯಾರೇ ಕೇಳಿದ್ರು?" ಅಕ್ಕ ಎದ್ದು ನಿಂತಿದ್ದಳು. "ನನ್ನನ್ನ ಕೇಳ್ದೆ ರಗ್ಗು ಹಾಕಿದ್ರಿ. ಈಗ ನನ್ನನ್ನ ಕೇಳ್ದೆ ನೀನು ಕುಂಕುಮ ಬಿಡ್ತೀಯಾ? ನಾನು ಕೇಳಿದ್ದು ನನ್ನ ಜಾಗ. ಇನ್ನೊಬ್ಬಳ ಹಣೆ ಖಾಲಿ ಮಾಡಿ ನಂಗೇನಾಗ್ಬೇಕು?"

ನೇರವಾಗಿ ಬಂದು ದೊಡ್ಡಮ್ಮನ ತಟ್ಟೆಯ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದಳು. ನನ್ನ ಗದ್ದ ಹಿಡಿದು, ಹಣೆಗೆ ಅಗಲವಾಗಿ ಒತ್ತಿದಳು. ಗದ್ದ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. "ಹ್ಞೂಂ, ಕೂತ್ಕೋ," ಅಂದಳು. ಆಮೇಲೆ ತಟ್ಟೆಯಿಂದ ತಾನೇ ಒಂದು ಹೂವು ಎತ್ತಿಕೊಂಡಳು, ಮಗಳಿಗೊಂದು ಬಾಳೆಹಣ್ಣು ಎತ್ತಿಕೊಂಡಳು, ವಾಪಸು ಹೋಗಿ ಹೊದಿಕೆಯ ಮೇಲೆ ಕೂತಳು.

ಇಬ್ಬರು ಎದ್ದು ಹೋದರು. ಒಬ್ಬಳು ಅವಸರದಲ್ಲಿ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಳು. ದೊಡ್ಡಮ್ಮ ತಟ್ಟೆ ಹಿಡಿದು ನಿಂತೇ ಇದ್ದರು.

"ದೊಡ್ಡಮ್ಮ," ಅಂದರು ಆಪಾ, "ನನ್ನ ಬಾಳೆಹಣ್ಣು?"

ದೊಡ್ಡಮ್ಮ ಆಪಾಗೆ ಹಣ್ಣು ಕೊಟ್ಟರು. ಉಳಿದವರಿಗೂ ಕೊಟ್ಟರು. ತಟ್ಟೆ ಹಿಡಿದುಕೊಂಡು ಒಳಗೆ ಹೋದರು.

ಬರಿಗಾಲಲ್ಲಿ ಮನೆಗೆ ಬಂದೆ. ಅತ್ತೆ ನನ್ನ ಹಣೆ ನೋಡಿದರು. ಕುಂಕುಮ ಅಗಲವಾಗಿತ್ತು, ಒಂದು ಹುಬ್ಬಿನ ಕಡೆಗೆ ವಾಲಿತ್ತು.

"ಯಾರಿಟ್ಟಿದ್ದು?"

ಹೇಳಿದೆ. ತೆಲುಗು ಬರುತ್ತದೆಂದು ಕಾದೆ. ಬರಲಿಲ್ಲ. ಅತ್ತೆ ಅಡುಗೆಮನೆಗೆ ಹೋದರು, ನಾನು ಸೆರಗು ಬಿಗಿದುಕೊಂಡು ಹಿಂದೆಯೇ ಹೋದೆ. ಅವರು ರಾಗಿ ಹಿಟ್ಟಿನ ಡಬ್ಬ ತೆಗೆದು ಎಸರಿಗೆ ಇಟ್ಟರು.

ನನ್ನ ಗ್ರಹಚಾರಕ್ಕೆ ಮಾರನೆಯ ದಿನ ನನ್ನ ಗಂಡನಿಗೆ ಜ್ವರ ಬಂತು. ಫಿಲೇಚರ್‌ನ ಬಿಸಿನೀರು, ಆವಿ, ಹೊರಗೆ ಬಂದರೆ ಚಳಿಗಾಳಿ. ಪ್ರತಿ ವರ್ಷ ಬರುವ ಜ್ವರವೇ. ಆದರೆ ಈ ಸಲ ಬೀದಿಗೆ ಅದು ಬೇರೆ ಜ್ವರ. ಹಾಲಿನಿಂದ ಎದ್ದುಹೋದವಳು, ನನ್ನ ಚಪ್ಪಲಿ ತಂದುಕೊಡುವ ನೆಪದಲ್ಲಿ ಬಂದು, ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದ್ದವರನ್ನು ಕಣ್ತುಂಬ ನೋಡಿ, ಅತ್ತೆಯ ಮುಂದೆ ನಿಟ್ಟುಸಿರು ಬಿಟ್ಟಳು. "ಎಂಥವರ ಕೈಯಲ್ಲಿ ಇಡಿಸ್ಕೊಂಡಳೋ ನೋಡಿ. ಮನೆಗೆ ದೊಡ್ಡವರು ನೀವು, ಸೊಸೆಗೆ ಬುದ್ಧಿ ಹೇಳಬಾರ್ದೇ?"

ಅತ್ತೆ ಅಂದು ಅಡುಗೆಮನೆಗೆ ಸರಿದಿರಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು.

"ನನ್ನ ಗಂಡ ಹೋಗೋ ಹಿಂದಿನ ದಿನ ಒಂದು ಮದುವೆಗೆ ಹೋಗಿದ್ದೆ," ಅಂದರು. "ಅಲ್ಲಿ ನನ್ನ ಹಣೆಗೆ ಕುಂಕುಮ ಇಟ್ಟವಳು ಮುತ್ತೈದೆ. ನಿಮ್ಮಮ್ಮನೇ. ಏನಾಯ್ತು? ನಾನು ಬಂದು ನಿಮ್ಮಮ್ಮನ್ನ ಕೇಳಿದ್ನಾ?"

ಬಂದವಳು ಚಪ್ಪಲಿ ಬಿಟ್ಟು ಹೋದಳು. ಅತ್ತೆ ಅಷ್ಟು ಉದ್ದದ ಮಾತನ್ನು ಹೊರಗಿನವರ ಮುಂದೆ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ಗಂಡ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿ ಅಮ್ಮನನ್ನು ನೋಡಿದರು. ಎರಡು ದಿನಕ್ಕೆ ಜ್ವರ ಬಿಟ್ಟಿತು. ಇವತ್ತಿಗೂ ಅವರು ಸಕ್ಕರೆ ಕಡಿಮೆಯಾಯಿತೆಂದು ಕಾಫಿ ಲೋಟ ವಾಪಸು ಕಳಿಸುವಷ್ಟು ಗಟ್ಟಿಯಾಗಿದ್ದಾರೆ. ಅನುಮಾನ ಇದ್ದವರು ಬಂದು ನೋಡಬಹುದು.

ಶನಿವಾರ ಬಂತು. ದೊಡ್ಡಮ್ಮನ ಮನೆಯಿಂದ ಬರಬೇಡಿ ಎಂಬ ಸುದ್ದಿಯೂ ಇರಲಿಲ್ಲ, ಬನ್ನಿ ಎಂಬ ಸುದ್ದಿಯೂ ಇರಲಿಲ್ಲ. ಊಟ ಮುಗಿಸಿ ಉಲ್ಲನ್ ಚೀಲ ಹೆಗಲಿಗೆ ಹಾಕಿಕೊಂಡೆ. ಇವತ್ತು ಆ ಹಾಲಿನಲ್ಲಿ ಇನ್ನೊಂದು ಜಗಳವಾದರೂ ಸರಿಯೇ ಎಂದು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಅತ್ತೆಯ ದನಿ ಬಂತು.

"ಆ ಕಿಟಕಿ ಹತ್ರ ಇನ್ನೊಬ್ರು ಕೂರೋವಷ್ಟು ಜಾಗ ಇದೆಯೇನಮ್ಮ?"

ತಿರುಗಿ ನೋಡಿದೆ. ಅತ್ತೆ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ನಡುಮನೆಯಲ್ಲಿ ನಿಂತಿದ್ದರು. ಕರೆದು ಮುಖ ತಿರುಗಿಸಿಕೊಳ್ಳುವುದನ್ನು ನೋಡುವುದಕ್ಕಿಂತ ಮನೆಯಲ್ಲಿರುವುದೇ ವಾಸಿ ಅಂದಿದ್ದವರು ಅವರೇ. ಅದನ್ನು ಎಷ್ಟು ಮನೆಗಳಲ್ಲಿ ನೋಡಿ ಆ ಮಾತಿಗೆ ಬಂದಿದ್ದರೋ ನಾನು ಕೇಳಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಹಿಡಿಸಿಕೊಂಡರು.

ದೊಡ್ಡಮ್ಮನ ಹಾಲಿನಲ್ಲಿ ಜನ ಸ್ವಲ್ಪ ಕಡಿಮೆ ಇದ್ದರು. ಆಪಾ ಬಂದಿದ್ದರು. ಕಿಟಕಿಯ ಕೆಳಗೆ ಹೊದಿಕೆ ಹೋದ ವಾರ ಹಾಸಿದಂತೆಯೇ ಇತ್ತು. ಅದನ್ನು ಯಾರೂ ತೆಗೆದಿರಲಿಲ್ಲ. ಅಕ್ಕ ಅದರ ಮೇಲೆ ಕೂತು ಯಾರದೋ ಸಿಕ್ಕು ಬಿಡಿಸುತ್ತಿದ್ದಳು. ಅತ್ತೆ ಹೊಸ್ತಿಲ ಬಳಿ ನಿಂತರು. ದೊಡ್ಡಮ್ಮ ಅವರನ್ನು ನೋಡಿ ಎದ್ದು ನಿಂತರು. ಒಂದೇ ಬೀದಿಯಲ್ಲಿ ಅಷ್ಟು ವರ್ಷ ಬಾಳಿದವರು, ಒಬ್ಬರನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ದೊಡ್ಡಮ್ಮನ ಬಾಯಿಂದ ಬನ್ನಿ ಎಂಬ ಮಾತೂ ಬರಲಿಲ್ಲ, ಬೇರೆ ಮಾತೂ ಬರಲಿಲ್ಲ.

ಅತ್ತೆ ಕಾಯಲಿಲ್ಲ. ಹೊಸ್ತಿಲು ದಾಟಿ, ಹಾಲಿನ ಮಧ್ಯೆ ನಡೆದುಕೊಂಡು ಹೋದರು. ಅಕ್ಕ ಕೈಯ ಕೆಲಸ ಬದಿಗಿಟ್ಟು ಎದ್ದಳು. ಬಗ್ಗಿ, ಹೊದಿಕೆಯ ಒಂದು ಮಡಿಕೆ ಬಿಚ್ಚಿ ಗೋಡೆಯ ಉದ್ದಕ್ಕೆ ಹಾಸಿದಳು. ಇಬ್ಬರೂ ಕೂತರು. ಇನ್ನೂ ಎರಡು ಮಡಿಕೆ ಬಿಚ್ಚಲು ಬಾಕಿ ಇತ್ತು.